ಒಪ್ಪಿದ್ದು ಒಬ್ಬರು, ಸಿಕ್ಕಿಬಿದ್ದದ್ದು ಮನೆಮಂದಿಯೆಲ್ಲ

ಈ ಸಲದ ಪತ್ರಗಳಲ್ಲಿ ಸ್ಮಾರ್ಟ್ ಟಿವಿ, ಕ್ಯಾಮೆರಾಗಳದ್ದೇ ಮಾತು. ಉದ್ದದ ಪತ್ರಗಳನ್ನು ಸ್ವಲ್ಪ ಕತ್ತರಿಸಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ನನ್ನ ದುಡ್ಡು, ನನ್ನ ಮನೆ, ನನ್ನ ಕ್ಯಾಮೆರಾ. ಅದರ ಪಾಸ್‌ವರ್ಡ್ ಹೇಗಿರಬೇಕು ಅನ್ನುವುದರಲ್ಲೂ ಕಾನೂನು ಮೂಗು ತೂರಿಸಬೇಕಾ?

ಉತ್ತರ: ಕ್ಯಾಮೆರಾ ನಿಮ್ಮದೇ, ಒಪ್ಪಿದೆ. ಆದರೆ ಇಂಟರ್ನೆಟ್‌ಗೆ ಸೇರಿಕೊಂಡ ಮೇಲೆ ಅದರ ತಂಟೆ ನಿಮ್ಮ ಕಾಂಪೌಂಡಿನೊಳಗೇ ನಿಲ್ಲುವುದಿಲ್ಲ. 2016ರಲ್ಲಿ ಮಿರಾಯ್ ಅನ್ನುವ ಮಾಲ್‌ವೇರ್ ಬಂತು. ಅದರಲ್ಲಿ ದೊಡ್ಡ ಜಾಣತನವೇನೂ ಇರಲಿಲ್ಲ. ಇಂಟರ್ನೆಟ್‌ನಲ್ಲಿ ಕ್ಯಾಮೆರಾ, ರೂಟರ್, ವಿಡಿಯೊ ರೆಕಾರ್ಡರ್‌ಗಳನ್ನು ಹುಡುಕುವುದು, ಫ್ಯಾಕ್ಟರಿಯಿಂದಲೇ ಬರುವ 'ಅಡ್ಮಿನ್, ಅಡ್ಮಿನ್' ಥರದ 60 ಚಿಲ್ಲರೆ ಹೆಸರು-ಪಾಸ್‌ವರ್ಡ್ ಜೋಡಿಗಳನ್ನು ಒಂದೊಂದಾಗಿ ಹಾಕಿ ನೋಡುವುದು, ತೆರೆದುಕೊಂಡರೆ ಒಳಗೆ ಹೋಗಿ ಕೂರುವುದು, ಅಷ್ಟೇ. ಆ ವರ್ಷದ ಅಕ್ಟೋಬರ್‌ನಲ್ಲಿ ಹೀಗೆ ಕೈವಶವಾದ ಸಾಧನಗಳೆಲ್ಲ ಸೇರಿ ವೆಬ್‌ಸೈಟ್‌ಗಳ ವಿಳಾಸ ಹುಡುಕಿಕೊಡುವ ಅಮೆರಿಕದ ಡೈನ್ ಎಂಬ ಕಂಪನಿಯ ಮೇಲೆ ಮುಗಿಬಿದ್ದವು. ಟ್ವಿಟರ್, ನೆಟ್‌ಫ್ಲಿಕ್ಸ್, ರೆಡಿಟ್ ತೆರೆಯದೆ ಜನ ಪರದಾಡಿದರು. ಇತ್ತ ಕ್ಯಾಮೆರಾ ಮಾಲೀಕರಿಗೆ ಸುದ್ದಿಯೇ ಇಲ್ಲ, ಅವರ ಕ್ಯಾಮೆರಾ ಎಂದಿನ ಹಾಗೆ ನಡೆಯುತ್ತಲೇ ಇತ್ತು.

ಇನ್ನೊಂದು ಮಾತು. ಈ ಕಾನೂನುಗಳು ಹಿಡಿಯುವುದು ನಿಮ್ಮನ್ನಲ್ಲ, ತಯಾರಕರನ್ನು. ಕ್ಯಾಲಿಫೋರ್ನಿಯಾದಲ್ಲಿ 2020ರ ಜನವರಿಯಿಂದ, ಬ್ರಿಟನ್ನಿನಲ್ಲಿ 2024ರ ಏಪ್ರಿಲ್ 29ರಿಂದ ಇಂಥ ನಿಯಮ ಇದೆ: ಎಲ್ಲ ಪೆಟ್ಟಿಗೆಗೂ ಒಂದೇ ಪಾಸ್‌ವರ್ಡ್ ಇಟ್ಟು ಮಾರುವ ಹಾಗಿಲ್ಲ. ನಿಮಗೆ ಇದರಿಂದ ಏನು ಕಷ್ಟ, ಹೇಳಿ?

ಪ್ರಶ್ನೆ: ಅಮ್ಮ ಒಬ್ಬರೇ ಇರುತ್ತಾರೆ. ಒಮ್ಮೆ ರಾತ್ರಿ ಜಾರಿ ಬಿದ್ದಿದ್ದರು. ಆಮೇಲೆ ತಮ್ಮ ಅವರ ಕೋಣೆಯಲ್ಲಿ ಕ್ಯಾಮೆರಾ ಹಾಕಿಸಿದ. ನಮ್ಮಿಬ್ಬರ ಫೋನಿನಲ್ಲೂ ಕಾಣುತ್ತದೆ. ಅಮ್ಮ ದಿನಾ ಅದರ ಮೇಲೆ ಟವೆಲ್ ಹಾಕುತ್ತಾರೆ, ತಮ್ಮ ಫೋನ್ ಮಾಡಿ ತೆಗೆಸುತ್ತಾನೆ. ಯಾರು ಸರಿ?

ಉತ್ತರ: ಅಮ್ಮ.

ತಮ್ಮನ ಕಾಳಜಿಯ ಬಗ್ಗೆ ನನಗೆ ಅನುಮಾನವಿಲ್ಲ. ಬಿದ್ದವರು ಗಂಟೆಗಟ್ಟಲೆ ನೆಲದ ಮೇಲೇ ಇದ್ದರೆ ಏನು ಗತಿ ಅನ್ನುವ ಭಯ ಸುಮ್ನೆ ಬಂದಿದ್ದಲ್ಲ. ಆದರೆ ಆ್ಯಪ್ ಇಳಿಸಿಕೊಂಡು 'ಒಪ್ಪುತ್ತೇನೆ' ಎಂದು ಒತ್ತಿದ್ದು ಯಾರು? ತಮ್ಮ. ಸೀರೆ ಬದಲಾಯಿಸುವಾಗ, ಔಷಧಿ ಹಚ್ಚಿಕೊಳ್ಳುವಾಗ, ಸುಮ್ಮನೆ ಅಳಬೇಕು ಅನ್ನಿಸಿದಾಗ ಅದರ ಎದುರಿಗೆ ಇರುವವರು ಯಾರು? ಅಮ್ಮ. ಸ್ಮಾರ್ಟ್ ಸಾಧನಗಳ ಇಡೀ ತಕರಾರು ಇಲ್ಲೇ ಇದೆ. ಕಾಗದದ ಮೇಲಿನ ಒಪ್ಪಿಗೆ ಖಾತೆ ತೆರೆದವರದ್ದು. ಅದರ ಕಣ್ಣಿಗೆ ಬೀಳುವವರು ಬೇರೆಯವರು: ವಯಸ್ಸಾದವರು, ಮಕ್ಕಳು, ಮನೆಗೆಲಸಕ್ಕೆ ಬರುವವರು, ನೆಂಟರು. ಇವರನ್ನು ಯಾವ ಆ್ಯಪ್ ಕೂಡ ಏನನ್ನೂ ಕೇಳುವುದಿಲ್ಲ. ಹಾಗಾಗಿ 'ಗ್ರಾಹಕರು ಒಪ್ಪಿದ್ದಾರಲ್ಲ' ಅಂತ ಕಂಪನಿಗಳು ಕೈ ತೊಳೆದುಕೊಳ್ಳುವುದನ್ನು ನಾನಂತೂ ಒಪ್ಪುವುದಿಲ್ಲ.

ಆ ಚಿತ್ರ ನೋಡುವವರು ನೀವಿಬ್ಬರೇ ಅಂದುಕೊಂಡಿದ್ದೀರಿ, ಅಲ್ವಾ? 2023ರಲ್ಲಿ ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್, ರಿಂಗ್ ಎಂಬ ಕ್ಯಾಮೆರಾ ಕಂಪನಿ ತನ್ನ ನೌಕರರು ಮತ್ತು ಗುತ್ತಿಗೆದಾರರು ಗ್ರಾಹಕರ ಖಾಸಗಿ ವಿಡಿಯೊ ನೋಡಲು ಬಿಟ್ಟಿತ್ತು ಎಂದು ಆರೋಪಿಸಿತು. ಒಬ್ಬ ನೌಕರ ಮಹಿಳೆಯರ ಮಲಗುವ ಕೋಣೆ, ಬಚ್ಚಲುಮನೆಗಳ ಸಾವಿರಾರು ವಿಡಿಯೊ ನೋಡಿದ್ದ ಅನ್ನುವುದೂ ಆ ದೂರಿನಲ್ಲಿತ್ತು. ಕಂಪನಿ 58 ಲಕ್ಷ ಡಾಲರ್ ಕೊಟ್ಟು ರಾಜಿಯಾಯಿತು.

ಕಾನೂನು ಇಂಥ ಮನೆಜಗಳ ಬಿಡಿಸಲು ಬರುವುದಿಲ್ಲ, ಬರಲೂಬಾರದು. ಆದರೆ ಕ್ಯಾಮೆರಾ ಹೇಗಿರಬೇಕು ಎಂದು ತಯಾರಕರಿಗೆ ಹೇಳಬಹುದು. ನೋಡುತ್ತಿರುವಾಗ ದೀಪ ಉರಿಯಲೇಬೇಕು, ಆ ದೀಪವನ್ನು ಆ್ಯಪ್‌ನಿಂದ ಆರಿಸಲು ಬರಬಾರದು. ಮುಚ್ಚಲು ಅದರ ಮೈಮೇಲೇ ಒಂದು ಮುಚ್ಚಳ ಇರಬೇಕು. ಯಾರು ಯಾವಾಗ ನೋಡಿದರು ಅನ್ನುವ ಲೆಕ್ಕ ಕೋಣೆಯಲ್ಲಿರುವವರಿಗೂ ಸಿಗಬೇಕು. ಅಲ್ಲಿಯವರೆಗೆ ನಿಮ್ಮಮ್ಮನ ಟವೆಲ್ಲೇ ಮುಚ್ಚಳ.

ತಮ್ಮನಿಗೆ ಹೇಳಿ: ಬೀಳುವುದನ್ನು ತಿಳಿಯಲು ಚಿತ್ರವೇ ಬೇಕಿಲ್ಲ. ಬಿದ್ದರೆ ಸುದ್ದಿ ಕಳಿಸುವ ವಾಚ್ ಇದೆ, ಕೊರಳಿಗೆ ಹಾಕಿಕೊಂಡು ಸಹಾಯ ಬೇಕಾದಾಗ ಒತ್ತುವ ಗುಂಡಿ ಇದೆ, ಬೆಳಗ್ಗೆ ಇಷ್ಟು ಹೊತ್ತಾದರೂ ಓಡಾಟವಿಲ್ಲ ಎಂದು ತಿಳಿಸುವ ಸೆನ್ಸರ್ ಇದೆ. ವಾಚ್ ಸ್ನಾನಕ್ಕೆ ಹೋಗುವಾಗ ಬಿಚ್ಚಿಟ್ಟರೆ ಪ್ರಯೋಜನವಿಲ್ಲ, ಅದೊಂದು ತೊಂದರೆ. ಯಾವುದು ಬೇಕು ಅಂತ ಅಮ್ಮನನ್ನೇ ಕೇಳಿ. ಹಠ ಅವರದ್ದೋ ತಮ್ಮನದ್ದೋ ಆಗ ಗೊತ್ತಾಗುತ್ತದೆ.

ಪ್ರಶ್ನೆ: ಷರತ್ತುಗಳನ್ನು ಓದದೇ ಒತ್ತುವುದು ನಮ್ಮದೇ ತಪ್ಪಲ್ಲವೇ? ಅದಕ್ಕೆ ಕಾನೂನು ಯಾಕೆ?

ಉತ್ತರ: ಟಿವಿ ರಿಮೋಟ್ ಹಿಡಿದು ಷರತ್ತು ಓದಿ ನೋಡಿದ್ದೀರಾ? ಬಾಣದ ಗುಂಡಿ ಒತ್ತಿದರೆ ನಾಲ್ಕು ಸಾಲು ಮೇಲೆ ಹೋಗುತ್ತದೆ, ಇನ್ನೊಮ್ಮೆ ಒತ್ತಿದರೆ ಇನ್ನು ನಾಲ್ಕು. ಮನೆಯವರೆಲ್ಲ ಹೊಸ ಟಿವಿ ಮುಂದೆ ಕಾದು ಕೂತಿರುತ್ತಾರೆ. 'ಬೇಡ' ಅನ್ನುವುದು ಎಲ್ಲೋ ಬೂದು ಬಣ್ಣದಲ್ಲಿ, 'ಸರಿ' ಮಾತ್ರ ಢಾಳಾಗಿ ನೀಲಿಯಲ್ಲಿ. ಅದು ಓದಲಿ ಅಂತ ಬರೆದದ್ದೇ ಅಲ್ಲ. 2017ರಲ್ಲಿ ವಿಜಿಯೊ ಟಿವಿ ಕಂಪನಿ 22 ಲಕ್ಷ ಡಾಲರ್ ಕೊಟ್ಟು ಒಂದು ಪ್ರಕರಣ ಮುಗಿಸಿಕೊಂಡಿತು. ಆರೋಪ ಏನಂದರೆ, 1.1 ಕೋಟಿ ಟಿವಿಗಳಲ್ಲಿ ಜನ ಕ್ಷಣಕ್ಷಣವೂ ಏನು ನೋಡುತ್ತಿದ್ದಾರೆ ಎಂದು ಅವರಿಗೆ ತಿಳಿಸದೆ ಕಲೆಹಾಕಿ ಬೇರೆಯವರಿಗೆ ಮಾರಿದ್ದು. ಮೊದಲಿನಿಂದಲೇ ಇಂಥದ್ದು ಆಫ್ ಆಗಿರಬೇಕು, ಬೇಕಾದವರು ಆನ್ ಮಾಡಿಕೊಳ್ಳಲಿ. ನನ್ನ ಪ್ರಕಾರ ಹತ್ತು ಪುಟದ ಷರತ್ತಿಗಿಂತ ಈ ಒಂದು ನಿಯಮ ಜಾಸ್ತಿ ಕೆಲಸ ಮಾಡುತ್ತದೆ.

ಪ್ರಶ್ನೆ: ಕಂಪನಿಗಳಿಗೆ ಮೂಗುದಾರ ಹಾಕುವ ಸರ್ಕಾರಕ್ಕೆ ಯಾರು ಹಾಕುತ್ತಾರೆ?

ಉತ್ತರ: ಬೇಲಿಯೇ ಎದ್ದು ಹೊಲ ಮೇಯುವ ಭಯ ನನಗೂ ಇದೆ. ಕಂಪನಿ ಡೇಟಾ ಕೂಡಿಡುತ್ತಾ ಹೋದಷ್ಟೂ ಅದನ್ನು ಕೇಳಿಕೊಂಡು ಬರುವ ಅಧಿಕಾರಿಗಳೂ ಜಾಸ್ತಿಯಾಗುತ್ತಾರೆ. ಅದಕ್ಕೇ ಒಳ್ಳೆಯ ಕಾನೂನು ಮೊದಲು 'ಕೂಡಿಡಬೇಡಿ' ಅನ್ನಬೇಕು, 'ಜೋಪಾನವಾಗಿಡಿ' ಅನ್ನುವುದು ಆಮೇಲೆ. ಇನ್ನು ಕೆಲವನ್ನು ಯಾರೇ ಆಗಲಿ ಮಾಡಲೇಬಾರದು. ಯೂರೋಪಿನ ಎಐ ಕಾನೂನು, ಕಚೇರಿ ಮತ್ತು ಶಾಲೆಗಳಲ್ಲಿ ಮುಖ ನೋಡಿ ಮನಸ್ಸಿನ ಭಾವನೆ ಅಳೆಯುವ ಸಾಫ್ಟ್‌ವೇರನ್ನು 2025ರ ಫೆಬ್ರುವರಿಯಿಂದ ನಿಷೇಧಿಸಿದೆ. ವೈದ್ಯಕೀಯ, ಸುರಕ್ಷತೆಯ ಕಾರಣಕ್ಕೆ ಮಾತ್ರ ವಿನಾಯಿತಿ. ಆದರೆ ಅದೇ ಕಾನೂನು ಸೇನೆ ಮತ್ತು ರಾಷ್ಟ್ರೀಯ ಭದ್ರತೆಯನ್ನು ಪೂರ್ತಿ ಹೊರಗಿಟ್ಟಿದೆ. ನಿಮ್ಮ ಅನುಮಾನವನ್ನು ಬಿಟ್ಟುಕೊಡಬೇಡಿ.

ಪ್ರಶ್ನೆ: ಕಂಪನಿ ಸರ್ವರ್ ನಿಲ್ಲಿಸಿತು, ನನ್ನ ಸ್ಮಾರ್ಟ್ ಲೈಟುಗಳು ಸತ್ತವು. ಇದಕ್ಕೆ ಕೇಳುವವರು ಯಾರೂ ಇಲ್ಲವೇ?

ಉತ್ತರ: ಈ ರೋಗ ಹಳೆಯದು. ಮನೆಯ ಸ್ಮಾರ್ಟ್ ಸಾಧನಗಳನ್ನೆಲ್ಲ ಒಂದೇ ಕಡೆಯಿಂದ ನಡೆಸುವ ರಿವಾಲ್ವ್ ಎಂಬ ಹಬ್ ಕೊಂಡವರಿಗೂ 2016ರಲ್ಲಿ ಹೀಗೇ ಆಯಿತು. ಯೂರೋಪಿನಲ್ಲಿ 2027ರ ಡಿಸೆಂಬರ್‌ನಿಂದ ಸಾಮಾನ್ಯವಾಗಿ ಕನಿಷ್ಠ 5 ವರ್ಷ ಸೆಕ್ಯುರಿಟಿ ಅಪ್‌ಡೇಟ್ ಕೊಡಬೇಕಾಗುತ್ತದೆ. ಆದರೆ ಅಪ್‌ಡೇಟ್ ಬೇರೆ, ಸರ್ವರ್ ಬೇರೆ. ಮುಂದಿನ ಸಲ ಕೊಳ್ಳುವಾಗ ಎರಡು ಮಾತು ಕೇಳಿ: ಎಷ್ಟು ವರ್ಷ ಅಪ್‌ಡೇಟ್ ಬರುತ್ತದೆ, ಇಂಟರ್ನೆಟ್ ಇಲ್ಲದೆ ಹೊತ್ತಿಕೊಳ್ಳುತ್ತದಾ. ಮಾರುವವರು ತಡವರಿಸಿದರೆ ಗೋಡೆಯ ಸ್ವಿಚ್ಚಿಗೇ ಹೊತ್ತುವ ಮಾಮೂಲಿ ಬಲ್ಬ್ ತನ್ನಿ.