ಕಾಂಪುರ್ ಅಂತ ಯಾವ ಕ್ಯಾಮೆರಾವೂ ಇಲ್ಲ

ಹಳೇ ಕ್ಯಾಮೆರಾ ಬಗ್ಗೆ ಬರುವ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ಪ್ರಶ್ನೆ. ‘ಅಟ್ಟದಲ್ಲಿ ಜರ್ಮನ್ ಕ್ಯಾಮೆರಾ ಸಿಕ್ಕಿದೆ, ಯಾವ ಕಂಪನಿ?’ ಜೊತೆಗೆ ಎದುರಿನಿಂದ ತೆಗೆದ, ಫ್ಲ್ಯಾಶ್ ಬೆಳಕಿಗೆ ಬೆಳ್ಳಗಾದ ಒಂದೇ ಒಂದು ಫೋಟೋ. ಈ ಸಲ ಒಬ್ಬರಿಗೆ ಪೂರ್ತಿ ಉತ್ತರ ಕೊಡುತ್ತೇನೆ. ಮಿಕ್ಕವರು ಇದನ್ನೇ ಓದಿಕೊಳ್ಳಬಹುದು.

ಪ್ರಶ್ನೆ: ಅಜ್ಜನ ಮಡಚುವ ಕ್ಯಾಮೆರಾ ಇದೆ. ಬಾಗಿಲು ತೆರೆದರೆ ಲೆನ್ಸ್ ತಾನೇ ಮುಂದೆ ಬಂದು ನಿಲ್ಲುತ್ತದೆ. ಲೆನ್ಸ್ ಸುತ್ತ ‘ಟ್ರಯೋಪ್ಲಾನ್ 1:4.5, 10.5 ಸೆಂ.ಮೀ., ಹ್ಯೂಗೊ ಮೇಯರ್, ಗೋರ್ಲಿಟ್ಸ್’ ಎಂದಿದೆ. ಶಟರ್ ಮೇಲೆ ‘ಕಾಂಪುರ್’, ‘ಡಿ.ಆರ್.ಪಿ.’, ‘ಡಿ.ಆರ್.ಜಿ.ಎಂ.’ ಎಂದಿದೆ. ಬೇರೆಲ್ಲೂ ಹೆಸರಿಲ್ಲ. ಡಿ.ಆರ್.ಪಿ. ಅಂದರೆ ಜರ್ಮನ್ ಸೈನ್ಯದ ಮುದ್ರೆ ಎಂದು ಹಳೇ ಸಾಮಾನಿನ ವ್ಯಾಪಾರಿ ಹೇಳಿದರು. ನಿಜವೇ?

ಉತ್ತರ: ವ್ಯಾಪಾರಿಗೆ ಬೆಲೆ ಏರಿಸಬೇಕಿತ್ತು, ಅಷ್ಟೇ. ಡಿ.ಆರ್.ಪಿ. ಎಂದರೆ ಜರ್ಮನಿಯ ಅಂದಿನ ಸರ್ಕಾರ ಕೊಡುತ್ತಿದ್ದ ಪೇಟೆಂಟ್. ಡಿ.ಆರ್.ಜಿ.ಎಂ. ಅದಕ್ಕಿಂತ ಚಿಕ್ಕ ನೋಂದಣಿ, 1891ರಿಂದ ಇತ್ತು. ಮಕ್ಕಳ ಆಟಿಕೆಯ ಮೇಲೂ ಅದೇ ಅಕ್ಷರಗಳು ಸಿಗುತ್ತವೆ. ಸೈನ್ಯಕ್ಕೂ ಅದಕ್ಕೂ ಸಂಬಂಧವಿಲ್ಲ. ಪಶ್ಚಿಮ ಜರ್ಮನಿ ಹುಟ್ಟಿದ ಮೇಲೆ ಸಾಮಾನ್ಯವಾಗಿ ಡಿ.ಬಿ.ಪಿ. ಎಂದು ಬರತೊಡಗಿತು. ಹಾಗಾಗಿ ನಿಮ್ಮ ಅಕ್ಷರಗಳು ಕಾಲದ ಬಗ್ಗೆ ಸ್ವಲ್ಪ ಹೇಳುತ್ತವೆ, ಕಂಪನಿ ಬಗ್ಗೆ ಏನೂ ಹೇಳುವುದಿಲ್ಲ.

ಕಾಂಪುರ್ ಬರೀ ಶಟರ್, ಅಂದರೆ ಬೆಳಕನ್ನು ಕ್ಷಣಕಾಲ ಒಳಗೆ ಬಿಡುವ ಭಾಗ. ಮ್ಯೂನಿಕ್‌ನ ಫ್ರೀಡ್ರಿಕ್ ಡೆಕೆಲ್ ಕಾರ್ಖಾನೆ 1912ರಿಂದ ಅದನ್ನು ಮಾಡಿ, ಕೇಳಿದ ಕ್ಯಾಮೆರಾ ಕಂಪನಿಗೆಲ್ಲ ಮಾರುತ್ತಿತ್ತು. ಪ್ರೊಂಟೋರ್, ವಾರಿಯೋ ಎಂದು ಇರುವವರೂ ಹಿಗ್ಗಬೇಡಿ. ಅವು ಕಾಲ್ಮ್‌ಬಾಖ್‌ನ ಆಲ್ಫ್ರೆಡ್ ಗಾಟಿಯರ್ ಕಾರ್ಖಾನೆಯ ಶಟರ್‌ಗಳು. ಟ್ರಯೋಪ್ಲಾನ್ ಲೆನ್ಸ್ ಮಾಡಿದ ಮೇಯರ್ ಇನ್ನೊಂದು ಊರಿನ ಇನ್ನೊಂದು ಕಂಪನಿ. ಅಂದಿನ ಕ್ಯಾಟಲಾಗ್‌ಗಳಲ್ಲಿ ಒಂದೇ ಕ್ಯಾಮೆರಾವನ್ನು ಬೇರೆ ಬೇರೆ ಲೆನ್ಸ್, ಬೇರೆ ಬೇರೆ ಶಟರ್ ಹಾಕಿ ಬೇರೆ ಬೇರೆ ಬೆಲೆಗೆ ಮಾರುತ್ತಿದ್ದರು. ‘ಝೈಸ್ ಕಂಪನಿಯ ಟೆಸ್ಸಾರ್ ಲೆನ್ಸ್ ಇದೆ, ಹಾಗಾದರೆ ಝೈಸ್ ಕ್ಯಾಮೆರಾ’ ಎನ್ನುವವರಿಗೂ ಇದೇ ಉತ್ತರ. ಎಂಆರ್‌ಎಫ್ ಟಯರ್ ಇದ್ದ ಮಾತ್ರಕ್ಕೆ ಎಂಆರ್‌ಎಫ್ ಕಾರು ಅಂತೀರಾ?

ಇನ್ನು ಪೆಟ್ಟಿಗೆ, ಅಂದರೆ ಕ್ಯಾಮೆರಾದ ಮೈ. ಕ್ಯಾಮೆರಾ ಮಾಡಿದವನ ಗುರುತು ಇರುವುದು ಅದರಲ್ಲೇ.

ಮೊದಲು ಚರ್ಮ. ಒರೆಸಬೇಡಿ, ಪಾಲಿಶ್ ಹಚ್ಚಬೇಡಿ. ಎಷ್ಟೋ ಕ್ಯಾಮೆರಾಗಳಲ್ಲಿ ಹೆಸರನ್ನು ಚರ್ಮದ ಮೇಲೆ ಬಣ್ಣವಿಲ್ಲದೆ ಒತ್ತಿರುತ್ತಾರೆ. ಹೊಳಪು ಬರಲೆಂದು ಶೂ ಪಾಲಿಶ್ ತಿಕ್ಕಿ ಆ ಗುಂಡಿಯನ್ನೆಲ್ಲ ತುಂಬಿದ ಮೇಲೆ ನನಗೆ ಫೋಟೋ ಕಳಿಸುವವರಿದ್ದಾರೆ. ಕತ್ತಲೆ ಕೋಣೆಯಲ್ಲಿ ಟಾರ್ಚನ್ನು ಚರ್ಮಕ್ಕೆ ಸಮವಾಗಿ, ಪಕ್ಕದಿಂದ ಹಿಡಿದು ನೋಡಿ. ಮುಂದಿನ ಬಾಗಿಲು, ಹಿಂಬದಿ, ಕೈಪಟ್ಟಿ, ಒಂದನ್ನೂ ಬಿಡಬೇಡಿ. ಝೈಸ್ ಐಕಾನ್ ಕಂಪನಿಯದಾಗಿದ್ದರೆ 520/2 ಥರದ ಮಾಡೆಲ್ ನಂಬರ್ ಕಾಣಬಹುದು. ಆಮೇಲೆ ಬಾಗಿಲ ಹೊರಗೆ, ಕ್ಯಾಮೆರಾ ಮೇಜಿನ ಮೇಲೆ ನಿಲ್ಲಲು ಇರುವ ಪುಟ್ಟ ಕಾಲು ನೋಡಿ. ಫಿಲ್ಮ್ ಕೂರುವ ಜಾಗ, ಅದನ್ನು ಒತ್ತಿ ಹಿಡಿಯುವ ತಗಡು ನೋಡಿ. ಮರಿ ಅಕ್ಷರಗಳು ಅಲ್ಲೂ ಇರುತ್ತವೆ.

ಏನೂ ಸಿಗದಿದ್ದರೆ ಆಶ್ಚರ್ಯ ಬೇಡ. ಅಂಗಡಿಗಳಿಗೆ, ಸಗಟು ವ್ಯಾಪಾರಿಗಳಿಗೆ ಎಷ್ಟೋ ಕಾರ್ಖಾನೆಗಳು ಹೆಸರು ಹಾಕದೆಯೇ ಮಾಡಿಕೊಟ್ಟಿವೆ. ನ್ಯೂರೆಂಬರ್ಗ್‌ನ ಫೋಟೋ ಪೋರ್ಸ್ಟ್ ಅಂಗಡಿ ಡ್ರೆಸ್ಡೆನ್‌ನ ಬಾಲ್ಡಾ ಕ್ಯಾಮೆರಾಗಳನ್ನು ‘ಹಾಪೊ’ ಎಂಬ ತನ್ನ ಹೆಸರಿನಲ್ಲಿ ಮಾರಿತು. ಯಜಮಾನ ಹಾನ್ಸ್ ಪೋರ್ಸ್ಟ್, ಅದರಿಂದ ಹಾಪೊ.

ನಿಮ್ಮ ಕ್ಯಾಮೆರಾಕ್ಕೆ ಬರೋಣ. 10.5 ಸೆಂ.ಮೀ. ಲೆನ್ಸ್ ಅಂದರೆ ಸಾಮಾನ್ಯವಾಗಿ 6×9 ಸೆಂ.ಮೀ. ಚಿತ್ರ, ಒಂದು ರೋಲ್‌ಗೆ 8. ಸ್ಕೇಲ್ ಹಿಡಿದು ಅಳತೆ ಕಳಿಸಿ ಎನ್ನುವ ಕೆಲಸ ತಪ್ಪಿತು. ನಿಮ್ಮ ಫೋಟೋದಲ್ಲಿ ಲೆನ್ಸ್ ಸುತ್ತಲಿನ ರಿಂಗ್ ಮೇಲೆ ಶಟರ್ ವೇಗಗಳಿವೆ, 250ರ (ಸೆಕೆಂಡಿನ 250ನೇ ಒಂದು ಭಾಗ) ತನಕ. ಈ ರಿಂಗ್ ಇರುವ ಕಾಂಪುರ್ ಬಂದದ್ದು 1928ರ ಸುಮಾರಿಗೆ. ಅದಕ್ಕೂ ಹಿಂದಿನವಕ್ಕೆ ಶಟರ್ ತಲೆಯ ಮೇಲೆ ಗುಂಡನೆಯ ಡಯಲ್ ಇರುತ್ತದೆ. ಅಪರ್ಚರ್ (ಬೆಳಕು ಒಳಬರುವ ರಂಧ್ರದ ಗಾತ್ರ) ಅಂಕಿಗಳು 4.5, 6.3, 9, 12.5, 18, 25 ಎಂದಿವೆ. ಇದು ಯುರೋಪಿನ ಹಳೇ ಲೆಕ್ಕ. ಎರಡನೇ ಮಹಾಯುದ್ಧದ ನಂತರದ್ದಾಗಿದ್ದರೆ 5.6, 8, 11 ಎಂದು ಇರಬೇಕಿತ್ತು. ಫ್ಲ್ಯಾಶ್ ವೈರ್ ಸಿಕ್ಕಿಸುವ ಜಾಗವೂ ಇಲ್ಲ. (ಅದೊಂದನ್ನೇ ನಂಬಬೇಡಿ, ಮೆಕ್ಯಾನಿಕ್‌ಗಳು ಆಮೇಲೆ ಕೂರಿಸಿದ್ದನ್ನು ಬಹಳ ನೋಡಿದ್ದೇನೆ.) ದೂರದ ಅಳತೆ ಮೀಟರ್ ಬದಲು ಅಡಿಯಲ್ಲಿದೆ. ಅಂದರೆ ಇಂಗ್ಲಿಷ್ ಅಳತೆಯ ಮಾರುಕಟ್ಟೆಗೆ ಮಾಡಿದ್ದು. ಭಾರತಕ್ಕೆ ಬರಲು ಅದೇ ದಾರಿ.

ಎಲ್ಲ ಸೇರಿಸಿದರೆ 1930ರ ದಶಕ. ಲೆನ್ಸಿನ ನಂಬರ್ ಹಿಡಿದು ಇಸವಿ ಹೇಳುವ ಪಟ್ಟಿಗಳಿವೆ. ಅವು ಲೆನ್ಸಿನ ಇಸವಿ ಹೇಳುತ್ತವೆ, ಕ್ಯಾಮೆರಾದ್ದಲ್ಲ. ಯಾರೋ ಲೆನ್ಸ್ ಬದಲಿಸಿದ್ದರೆ ಅದೂ ಕೆಲಸಕ್ಕೆ ಬಾರದು.

ಕಂಪನಿ? ಬಾಲ್ಡಾ, ಸೆರ್ಟೊ, ಫ್ರೈಟಾಲ್‌ನ ವೆಲ್ಟಾ ಅಥವಾ ಬೈಯರ್, ಬೈರಾಯ್ಟ್‌ನ ಫ್ರಾಂಕಾ. ಇವುಗಳಲ್ಲಿ ಯಾವುದೂ ಇರಬಹುದು. ಮುಖದ ಫೋಟೋ ನೋಡಿ ಒಂದೇ ಹೆಸರು ಹೇಳುವ ‘ತಜ್ಞ’ರು ಸುಮ್ನೆ ಊಹೆ ಮಾಡುತ್ತಿರುತ್ತಾರೆ. ಲೆನ್ಸನ್ನು ಹಿಡಿದು ನಿಲ್ಲಿಸುವ ಎರಡು ಪಕ್ಕದ ತೋಳುಗಳು, ಬಾಗಿಲ ಬೀಗ, ಫಿಲ್ಮ್ ಸುತ್ತುವ ಕೀಲಿ, ವ್ಯೂಫೈಂಡರಿನ ಬುಡ, ಹಿಂಬದಿಯ ಕೆಂಪು ಕಿಟಕಿ. ಇವನ್ನು ಒಂದೊಂದಾಗಿ, ಹಗಲು ಬೆಳಕಿನಲ್ಲಿ ತೆಗೆದು ಕಳಿಸಿ. ಹೆಸರಿರುವ ಕ್ಯಾಮೆರಾಗಳ ಜೊತೆ ಹೋಲಿಸಿದರೆ ತೋಳುಗಳ ಆಕಾರವೇ ಜಾಸ್ತಿ ಹೇಳುತ್ತದೆ. ಹೆಸರು ಬದಲಿಸುವುದು ಸುಲಭ, ತೋಳಿನ ಅಚ್ಚು ಬದಲಿಸುವುದು ದುಬಾರಿ.

ಅಲ್ಲಿಯ ತನಕ ಶಟರಿಗೆ ಎಣ್ಣೆ ಬಿಡಬೇಡಿ. ಸ್ಪ್ರೇ ಡಬ್ಬಿಯಂತೂ ಹತ್ತಿರ ತರಬೇಡಿ. ಶಟರಿನ ತೆಳು ತಗಡಿನ ಎಲೆಗಳು ಒಣಗಿದ್ದರೇ ಓಡುವುದು, ಎಣ್ಣೆ ತಾಗಿದರೆ ಅಂಟಿ ಕೂರುತ್ತವೆ. ವೇಗವನ್ನು ಮೊದಲು ಇಡಿ, ಆಮೇಲೆ ಶಟರ್ ಎಳೆಯಿರಿ. ಸೆಲ್ಫ್ ಟೈಮರ್ ಇದ್ದರೆ ಮುಟ್ಟಲೇಬೇಡಿ. ನಾನೂ ಮುಟ್ಟುವುದಿಲ್ಲ.

ಪ್ರಶ್ನೆ: ಲೆನ್ಸಿಗೆ ಬೂಷ್ಟು ಹಿಡಿದಿದೆ. ಟೂತ್‌ಪೇಸ್ಟ್ ಹಚ್ಚಿದರೆ ಹೋಗುತ್ತದೆ ಎಂದು ವಿಡಿಯೋದಲ್ಲಿ ನೋಡಿದೆ. (ಕರಾವಳಿಯ ಓದುಗರು)

ಉತ್ತರ: ಬೂಷ್ಟಿನ ಜೊತೆ ಗಾಜಿನ ಹೊಳಪೂ ಹೋಗುತ್ತದೆ. ಪೇಸ್ಟ್ ಹಲ್ಲಿಗೆ, ಲೆನ್ಸ್ ರಿಪೇರಿಯವರಿಗೆ.

ಪ್ರಶ್ನೆ: ಬೆಲೋಸ್ (ಲೆನ್ಸ್ ಹಿಂದಿನ ಮಡಿಕೆ ಮಡಿಕೆಯ ಚೀಲ) ಒಣಗಿದೆ, ಕೊಬ್ಬರಿ ಎಣ್ಣೆ ಹಚ್ಚಲೇ?

ಉತ್ತರ: ಬೇಡ. ಕತ್ತಲಲ್ಲಿ ಒಳಗೆ ಟಾರ್ಚ್ ಬಿಟ್ಟು ಮಡಿಕೆಯ ಮೂಲೆಗಳಲ್ಲಿ ತೂತು ಹುಡುಕಿ.

ಪ್ರಶ್ನೆ: ಚಿನ್ನದ ಬಣ್ಣದ ಲೈಕಾ, ಮೇಲೆ ಸ್ವಸ್ತಿಕ. ಎಷ್ಟು ಲಕ್ಷ ಸಿಗಬಹುದು?

ಉತ್ತರ: ಹೆಚ್ಚು ಕಡಿಮೆ ಖಂಡಿತ ನಕಲಿ, ಸೋವಿಯತ್ ಒಕ್ಕೂಟದ ಫೆಡ್ ಅಥವಾ ಝೋರ್ಕಿ ಕ್ಯಾಮೆರಾಕ್ಕೆ ಲೈಕಾ ವೇಷ. ಲಕ್ಷ ಮರೆತುಬಿಡಿ.

ಪ್ರಶ್ನೆ: ಇವಕ್ಕೆ ಈಗ ಫಿಲ್ಮ್ ಸಿಗುತ್ತದೆಯೇ?

ಉತ್ತರ: 120 ಎಂಬ ಅಳತೆಯ ರೋಲ್ ಫಿಲ್ಮ್ 1901ರಿಂದ ಇದೆ, ಈಗಲೂ ತಯಾರಾಗುತ್ತಿದೆ. 120ರ ಸ್ಪೂಲ್ ಒಳಗೆ ಕೂರದೆ ಸಿಕ್ಕಿಕೊಂಡರೆ ನಿಮ್ಮದು ಬಹುಶಃ 620ರ ಕ್ಯಾಮೆರಾ. ಫಿಲ್ಮ್ ಅದೇ, ಸ್ಪೂಲ್ ಮಾತ್ರ ಸಣ್ಣ. ಹಾಗಿದ್ದರೆ ಸ್ಟುಟ್‌ಗಾರ್ಟ್‌ನ ಕೊಡಾಕ್ ಕಾರ್ಖಾನೆಯ ಮೇಲೆ ಮೊದಲು ಅನುಮಾನ ಪಡಿ. ಒಳಗೆ ಹಳೇ ಖಾಲಿ ಸ್ಪೂಲ್ ಇದ್ದರೆ ದಯವಿಟ್ಟು ಎಸೆಯಬೇಡಿ. ಹೊಸ ಫಿಲ್ಮನ್ನು ಕತ್ತಲಲ್ಲಿ ಅದಕ್ಕೇ ಸುತ್ತಿಕೊಳ್ಳಬೇಕು.