ಕೊಯ್ದದ್ದು ಎದೆ, ನೋವು ಮಾತ್ರ ಭುಜದಲ್ಲಿ

ಅಪ್ಪನಿಗೆ ಬಲಗಡೆ ಶ್ವಾಸಕೋಶದ ಆಪರೇಷನ್ ಆಗಿದೆ. ನೋವಿಗೆ ಬೆನ್ನಿನಲ್ಲಿ ಎಪಿಡ್ಯೂರಲ್ ಕೊಳವೆ ಇಟ್ಟಿದ್ದಾರೆ. ಗಾಯ ನೋಯುತ್ತಿಲ್ಲ, ಆದರೆ ಬಲಭುಜ ವಿಪರೀತ ನೋವು. ಕೈ ಉಳುಕಿಸಿದ್ದಾರಾ? ನಾಟಿ ಎಣ್ಣೆ ಹಾಕಿ ನೀವಬಹುದಾ? – ಓದುಗರು, ಸಾಗರ

ನೀವಬೇಡಿ. ತೀರ್ಥಹಳ್ಳಿ, ಹೊಸನಗರದ ಕಡೆಯವರೂ ಪದೇ ಪದೇ ಇದನ್ನೇ ಕೇಳುತ್ತಾರೆ. ಎಣ್ಣೆ ಬಾಟಲಿ ಹಿಡಿದು ವಾರ್ಡಿಗೇ ಬರುವ ನೆಂಟರನ್ನು ಕಂಡರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಪಕ್ಕದಲ್ಲೇ ಎದೆಯೊಳಗಿನ ಗಾಳಿ, ರಕ್ತ ಹೊರಗೆ ಬರಲು ಇಟ್ಟ ಎದೆಯ ಕೊಳವೆ ಇದೆ, ಅದು ಜರುಗಿದರೆ ಏನು ಗತಿ?

ಆಪರೇಷನ್‌ಗೆ ಪಕ್ಕಕ್ಕೆ ಮಲಗಿಸಿ ಕೈ ಎತ್ತಿ ಇಡುತ್ತೇವೆ. ಅದರಿಂದ ಕೆಲವರಿಗೆ ಭುಜ ಹಿಡಿದುಕೊಳ್ಳುತ್ತದೆ, ನಿಜ. ಆದರೆ ಹೆಚ್ಚಿನವರಲ್ಲಿ ಕಾರಣ ಭುಜದಲ್ಲಿ ಇರುವುದೇ ಇಲ್ಲ. ವಪೆಯ (ಎದೆ, ಹೊಟ್ಟೆಯ ನಡುವಿನ ಉಸಿರಾಟದ ಸ್ನಾಯು) ಮೇಲಿನ ಪೊರೆಗೆ, ಹೃದಯದ ಸುತ್ತಲಿನ ಪೊರೆಗೆ ಆಪರೇಷನ್‌ನಲ್ಲಿ ಕಿರಿಕಿರಿ ಆಗಿರುತ್ತದೆ. ಆ ಸುದ್ದಿ ಒಯ್ಯುವುದು ಫ್ರೆನಿಕ್ ನರ. ಅದು ಹುಟ್ಟುವುದು ಕುತ್ತಿಗೆಯ 3, 4, 5ನೇ ನರಬೇರುಗಳಿಂದ. ಭುಜದ ಚರ್ಮದ ನರಗಳೂ ಅಲ್ಲಿಂದಲೇ ಬರುವುದರಿಂದ ಮಿದುಳು ನೋವು ಭುಜದ್ದೇ ಅಂದುಕೊಳ್ಳುತ್ತದೆ. ಎಪಿಡ್ಯೂರಲ್ ಔಷಧಿ ಎದೆಯ ಮಟ್ಟದ ನರಗಳನ್ನು ಮರಗಟ್ಟಿಸುತ್ತದೆ, ಕುತ್ತಿಗೆಯವರೆಗೆ ಏರುವುದಿಲ್ಲ. ಅದಕ್ಕೇ ಗಾಯ ಸುಮ್ಮನಿದ್ದರೂ ಭುಜ ನೋಯುತ್ತದೆ. ಔಷಧಿ ಜಾಸ್ತಿ ಬಿಡಿ ಎಂದು ನರ್ಸ್ ಜೊತೆ ಜಗಳ ಆಡಬೇಡಿ. ಬಿಪಿ ಇಳಿಯುತ್ತದೆ ಅಷ್ಟೇ.

ಆಪರೇಷನ್ ನಡೆಯುವಾಗಲೇ ವಪೆಯ ಹತ್ತಿರ ಫ್ರೆನಿಕ್ ನರದ ಸುತ್ತಲಿನ ಕೊಬ್ಬಿಗೆ ಲಿಡೊಕೇನ್ ಅಥವಾ ರೋಪಿವಕೇನ್ ಎಂಬ ಮರಗಟ್ಟಿಸುವ ಔಷಧಿ ಚುಚ್ಚಿದರೆ ಈ ನೋವು ಚೆನ್ನಾಗಿ ತಗ್ಗುತ್ತದೆ. ಆದರೆ ಅದೇ ನರ ವಪೆಯನ್ನು ಆಡಿಸುತ್ತದೆ, ಔಷಧಿಯ ಪ್ರಭಾವ ಇರುವವರೆಗೆ ಆ ಪಕ್ಕದ ಉಸಿರಾಟ ಕುಗ್ಗಬಹುದು. ಬೀಡಿ ಸೇದಿ, ಕ್ಷಯ ಬಂದು ಶ್ವಾಸಕೋಶ ಸೋತವರಿಗೆ ನಾನು ಇದನ್ನು ಮಾಡಲು ಒಪ್ಪುವುದಿಲ್ಲ. ನಾಲ್ಕು ದಿನದ ನೋವಿಗಾಗಿ ಉಸಿರನ್ನು ಪಣಕ್ಕಿಡಬಾರದು.

ಈಗ ನಿಮ್ಮ ಅಪ್ಪನಿಗೆ ಹೊತ್ತು ಹೊತ್ತಿಗೆ ಪ್ಯಾರಸಿಟಮಾಲ್ ಸಿಗುತ್ತಿದೆಯಾ ಕೇಳಿ. ಕಿಡ್ನಿ, ಹೊಟ್ಟೆ ಸರಿಯಿದ್ದರೆ ಜೊತೆಗೆ ಬೇರೆ ನೋವಿನ ಔಷಧಿಯನ್ನು ಡಾಕ್ಟರೇ ಕೊಡುತ್ತಾರೆ. ಎದೆಯ ಕೊಳವೆಯ ತುದಿ ಮೇಲೆ ಒತ್ತುತ್ತಿದ್ದರೆ ಎಕ್ಸ್‌ರೇ ನೋಡಿ ಅವರೇ ಸರಿಪಡಿಸುತ್ತಾರೆ. ಸಾಮಾನ್ಯವಾಗಿ ಕೆಲವೇ ದಿನದಲ್ಲಿ ನೋವು ಇಳಿಯುತ್ತದೆ. ಬೆವರು, ಉಬ್ಬಸ, ಎದೆ ಹಿಂಡಿದ ಹಾಗೆ ಆದರೆ ಮಾತ್ರ ಭುಜದ ನೋವೆಂದು ಸುಮ್ಮನಿರಬೇಡಿ, ಆ ಕ್ಷಣವೇ ಹೇಳಿ.

ಬೆನ್ನಿಗೆ ಸೂಜಿ ಚುಚ್ಚಿಸಿಕೊಂಡರೆ ಜೀವನವಿಡೀ ಬೆನ್ನುನೋವು ಬರುತ್ತಂತೆ? – ಓದುಗರು, ಭದ್ರಾವತಿ

ಇಲ್ಲ. ಚುಚ್ಚಿದ ಜಾಗ ಕೆಲವು ದಿನ ನೋಯಬಹುದು, ಅಷ್ಟೇ.