ಎರಡನೆಯ ಸಲ ನುಡಿಸುವವರು ಯಾರು?

ಓದುಗರೊಬ್ಬರ ಪತ್ರದ ಸಾರ: "ಕಳೆದ ಸಂಚಿಕೆಯಲ್ಲಿ ಸ್ಟ್ರಿಂಗ್ ಕ್ವಾರ್ಟೆಟ್ (ಎರಡು ವಯೊಲಿನ್, ಒಂದು ವಿಯೋಲ, ಒಂದು ಚೆಲ್ಲೊ ಸೇರಿದ ನಾಲ್ವರ ತಂಡ) ಬಗ್ಗೆ ಬಂದ ಲೇಖನ ಓದಿದೆ. ನಾಲ್ವರೂ ನುರಿತವರು. ಹಾಗಿದ್ದರೂ ಇಪ್ಪತ್ತು ನಿಮಿಷದ ಹೊಸ ಕೃತಿಗೆ ವಾರಗಟ್ಟಲೆ ತಾಲೀಮು ಏಕೆ? ದುಡ್ಡು ಕೊಟ್ಟು ಬರೆಸಿದ್ದು ಒಂದೇ ಕಛೇರಿಗೆ ಮುಗಿಯುವುದಾದರೆ ಬರೆಸುವುದಾದರೂ ಯಾಕೆ? ಪಾಠ ಹೇಳಲು ಹೋಗುವ ದಿನಗಳಲ್ಲಿ ಇನ್ನಷ್ಟು ಕಛೇರಿ ಮಾಡಬಾರದೇ?"

ಎರಡನೆಯ ಪ್ರಶ್ನೆಯಲ್ಲಿ ನಾವು ನಿಮ್ಮ ಪಕ್ಷವೇ. ಆದರೆ ತಾಲೀಮಿನಿಂದಲೇ ಶುರು ಮಾಡೋಣ, ಉಳಿದೆರಡರ ಬೇರೂ ಅಲ್ಲೇ ಇದೆ.

ಬರೀ ತಂತಿ ಕೂಡಿಸುವುದನ್ನೇ ನೋಡಿ. ಚೆಲ್ಲೊದ ತಂತಿಗಳು ಕೆಳಗಿನಿಂದ ಸಿ, ಜಿ, ಡಿ, ಎ. ವಿಯೋಲದವು ಅವೇ, ಒಂದು ಸ್ಥಾಯಿ ಮೇಲೆ. ವಯೊಲಿನ್‌ನವು ಜಿ, ಡಿ, ಎ, ಇ. ವಯೊಲಿನ್‌ನ ಎ ತಂತಿಯನ್ನು ಸೆಕೆಂಡಿಗೆ 440 ಕಂಪನಕ್ಕೆ ಇಟ್ಟು ಉಳಿದವನ್ನೆಲ್ಲ ಶುದ್ಧ ಪಂಚಮದಲ್ಲಿ, ಅಂದರೆ 3:2ರ ಲೆಕ್ಕದಲ್ಲಿ, ಕೂಡಿಸಿದರೆ ಚೆಲ್ಲೊದ ಸಿ ಸುಮಾರು 65.2ಕ್ಕೆ ಬಂದು ನಿಲ್ಲುತ್ತದೆ, ವಯೊಲಿನ್‌ನ ಇ 660ಕ್ಕೆ. ಆದರೆ ಆ ಸಿಯನ್ನು ಷಡ್ಜವೆಂದುಕೊಂಡರೆ, ಇ ಅದರ ಮೇಲೆ ಅಂತರ ಗಾಂಧಾರವಾಗಿ ಸರಿಯಾಗಿ ಕೂರಬೇಕಾದರೆ ಅದು 652ರ ಆಸುಪಾಸಿನಲ್ಲಿರಬೇಕು. ಎಂಟು ಕಂಪನ ಹೆಚ್ಚು! ನಾಲ್ವರೂ ತಪ್ಪಿಲ್ಲದೆ ಶ್ರುತಿ ಮಾಡಿದ್ದಕ್ಕೇ ಬಂದ ಅಪಶ್ರುತಿ ಇದು. ಅದಕ್ಕೇ ಅನೇಕ ತಂಡಗಳು ಪಂಚಮವನ್ನು ಕೂದಲೆಳೆಯಷ್ಟು ಕಿರಿದು ಮಾಡಿ ಚೆಲ್ಲೊದ ಸಿ ತಂತಿಯನ್ನು ತುಸು ಏರಿಸಿಕೊಳ್ಳುತ್ತವೆ. ಅದೂ ಸಾಲದು. ವಯೊಲಿನ್‌ನವರು ಖಾಲಿ ಇ ತಂತಿಯನ್ನು ಬಿಟ್ಟು ಅದೇ ಸ್ವರವನ್ನು ಎ ತಂತಿಯ ಮೇಲೆ ಕಿರುಬೆರಳಿನಿಂದ ಒತ್ತಿ ಇಳಿಸಿಕೊಳ್ಳುತ್ತಾರೆ. ನಿಧಾನಗತಿಯ ಪುಟವಾದರೆ ಬೆರಳು ನಡುಗಿಸದೆ, ಮೊದಲು ಷಡ್ಜ-ಪಂಚಮ, ಅದು ನಿಂತ ಮೇಲೆ ಗಾಂಧಾರ ಎಂದು ಒಂದೊಂದೇ ಸ್ವರಗುಚ್ಛವನ್ನು ಕಟ್ಟಬೇಕು. ಒಂದು ಪುಟಕ್ಕೆ ಒಂದು ಗಂಟೆ ಹಿಡಿದರೆ ಆಶ್ಚರ್ಯವಿಲ್ಲ.

ಆಮೇಲೆ ಕಮಾನು. ಹಿಡಿಯ ಹತ್ತಿರವೋ ತುದಿಯಲ್ಲೋ, ಎಳೆಯುವುದೋ ತಳ್ಳುವುದೋ, ಪ್ರತಿ ಸಾಲಿಗೂ ಪೆನ್ಸಿಲ್ ಗುರುತು ಬೀಳಬೇಕು. ಅಭಿಪ್ರಾಯ ಎರಡು-ಎರಡಾಗಿ ಒಡೆದರೆ ಬಿಡಿಸಲು ಐದನೆಯವರಿಲ್ಲ. ಎರಡೂ ಬಗೆ ನುಡಿಸಿ, ರೆಕಾರ್ಡ್ ಮಾಡಿ ಕೇಳಿ, ಆಗಲೂ ಬಗೆಹರಿಯದಿದ್ದರೆ ಆ ಜಾಗದಲ್ಲಿ ಮುಖ್ಯ ರಾಗ ಯಾರ ಕೈಯಲ್ಲಿದೆಯೋ ಅವರ ಮಾತಿಗೆ ಬಿಡುವುದು ಒಳ್ಳೆಯ ದಾರಿ. ಹೈಡನ್‌ನಂಥ ಹಳೆಯ ಸಂಯೋಜಕರ ಕೃತಿಯಾದರೆ ಇದರಲ್ಲಿ ಅರ್ಧ ಕೆಲಸ ವಿದ್ಯಾರ್ಥಿ ದಿನಗಳಲ್ಲೇ ಆಗಿಹೋಗಿರುತ್ತದೆ. ಹೊಸ ಕೃತಿಗೆ ಆ ಪಿತ್ರಾರ್ಜಿತವಿಲ್ಲ.

ಹೊಸ ಕೃತಿಯಲ್ಲಿ ಸಂಗೀತಕ್ಕಿಂತ ಮೊದಲು ಕೈಕೊಡುವುದು ಕಾಗದ. ಕಂಪ್ಯೂಟರಿನಲ್ಲಿ ಬರೆದು ಅದರಲ್ಲೇ ಕೇಳಿ ಒಪ್ಪಿದ ಕೃತಿಗಳಲ್ಲಿ ಕೆಲವು ತಪ್ಪುಗಳು ಮತ್ತೆ ಮತ್ತೆ ಬರುತ್ತವೆ. ವಯೊಲಿನ್‌ಗೆ ಡಿ ತಂತಿಗಿಂತ ಕೆಳಗಿನ ಎರಡು ಸ್ವರಗಳನ್ನು ಒಟ್ಟಿಗೆ ಕೊಟ್ಟಿರುತ್ತಾರೆ. ಎರಡೂ ಇರುವುದು ಜಿ ತಂತಿಯೊಂದರ ಮೇಲೆ, ಯಂತ್ರ ನುಡಿಸಿದರೂ ಮನುಷ್ಯರಿಂದಾಗದು. ದನಿ ತಗ್ಗಿಸುವ ತುಂಡಾದ ಮ್ಯೂಟ್ ಹಾಕಲು ಬಿಡುವೇ ಇರುವುದಿಲ್ಲ. ನಿಮಿಷಕ್ಕೆ 120 ಬಡಿತದ ವೇಗದಲ್ಲಿ ನಾಲ್ಕು ಬಡಿತದ ಒಂದು ಬಾರ್ (ತಾಳದ ಒಂದು ಆವರ್ತ) ಪೂರ್ತಿ ಖಾಲಿ ಬಿಟ್ಟರೂ ಸಿಗುವುದು ಎರಡೇ ಸೆಕೆಂಡು. ಪುಟ ತಿರುಗಿಸುವ ಜಾಗದಲ್ಲಿ ವಿರಾಮವಿಲ್ಲ. ನಾಲ್ವರೂ ಒಂದೇ ಕಡೆ ತಿರುಗಿಸಬೇಕಾಗಿ ಬಂದರಂತೂ ಮುಗಿಯಿತು. ಟ್ಯಾಬ್ಲೆಟ್ಟು, ಕಾಲಿನ ಪೆಡಲು ಬಂದು ಈ ತೊಂದರೆ ಕಡಿಮೆಯಾಗಿದೆ, ಆದರೆ ಪೆಡಲ್ ಎರಡು ಪುಟ ಹಾರಿಸಿಬಿಟ್ಟರೆ ನೆರವಿಗೆ ಪಕ್ಕದವರಿಲ್ಲ. ಕಮಾನಿನ ಕಡ್ಡಿಯಿಂದ ತಂತಿ ಬಡಿಯಿರಿ ಎಂದಿದ್ದರೆ ಒಳ್ಳೆಯ ಕಮಾನು ಹಾಳಾಗದಿರಲೆಂದು ಕಲಾವಿದರು ಸದ್ದಿಲ್ಲದೆ ಇನ್ನೊಂದು ಅಗ್ಗದ ಕಮಾನು ತರುತ್ತಾರೆ.

ಹಾಗಾಗಿ ಸಂಯೋಜಕರ ಜೊತೆಗಿನ ಕರಾರಿನಲ್ಲಿ ಬರೆದುಕೊಳ್ಳಬೇಕಾದವು ಇವು: ಕೃತಿಯ ಅವಧಿ, ಗೌರವಧನ ಅರ್ಧ ಸಹಿ ಹಾಕುವಾಗ, ಅರ್ಧ ಕೃತಿ ಕೈಸೇರಿದಾಗ, ಸ್ಕೋರ್ (ನಾಲ್ವರ ಸಾಲೂ ಒಟ್ಟಿಗಿರುವ ಪ್ರತಿ) ಮತ್ತು ನಾಲ್ಕೂ ಪಾರ್ಟ್‌ಗಳು (ಒಬ್ಬೊಬ್ಬರ ಬಿಡಿ ಪ್ರತಿ) ಮೊದಲ ಪ್ರಯೋಗಕ್ಕೆ ಮೂರು ತಿಂಗಳು ಮುಂಚೆ, ಎಷ್ಟು ಕಾಲ ಬೇರೆಯವರು ನುಡಿಸುವಂತಿಲ್ಲ, ರೆಕಾರ್ಡಿಂಗ್ ಹಕ್ಕು ಯಾರದು. ಅರ್ಧ ಬರೆದಾಗ ಸಂಯೋಜಕರನ್ನು ಕೂರಿಸಿಕೊಂಡು ಎರಡು ಮೂರು ಗಂಟೆ ನುಡಿಸಿ ನೋಡುವ ಒಂದು ಬೈಠಕ್ಕನ್ನೂ ಸೇರಿಸಿದರೆ ಮೇಲಿನ ತಪ್ಪುಗಳಲ್ಲಿ ಮುಕ್ಕಾಲು ಪಾಲು ಅಲ್ಲೇ ಸಾಯುತ್ತವೆ. ಇದೊಂದನ್ನು ಉಳಿತಾಯದ ಹೆಸರಿನಲ್ಲಿ ಬಿಡುವವರ ಬಗ್ಗೆ ನಮಗೆ ಸಹಾನುಭೂತಿ ಇಲ್ಲ.

ಈಗ ನಿಮ್ಮ ಎರಡನೆಯ ಪ್ರಶ್ನೆ. 1822ರಲ್ಲಿ ರಷ್ಯದ ರಾಜಕುಮಾರ ನಿಕೊಲಾಯ್ ಗಲಿಟ್ಸಿನ್ ಬೀಟ್‌ಹೋವನ್‌ಗೆ ಪತ್ರ ಬರೆದು ಒಂದೋ ಎರಡೋ ಮೂರೋ ಕ್ವಾರ್ಟೆಟ್ ಕೃತಿ ಬರೆದುಕೊಡಿ ಎಂದ. ಕೃತಿಯೊಂದಕ್ಕೆ 50 ಡ್ಯೂಕಟ್ (ಚಿನ್ನದ ನಾಣ್ಯ) ಎಂದು ಗೊತ್ತಾಯಿತು. (ಆ ಹಣದ ಬಾಕಿ ಸಂಯೋಜಕ ಸತ್ತ ಮೇಲೂ ಎಳೆದಾಡಿತು. ಕರಾರು ಬರೆಯುವವರು ನೆನಪಿಡಲಿ.) ಅವುಗಳಲ್ಲಿ ಮೊದಲನೆಯದು, ಓಪಸ್ (ಕೃತಿ ಸಂಖ್ಯೆ) 127, 1825ರ ಮಾರ್ಚ್ 6ರಂದು ವಿಯೆನ್ನಾದಲ್ಲಿ ಶುಪಾಂಜಿಗ್ ತಂಡದಿಂದ ಕೇಳಿಬಂತು. ತಾಲೀಮು ಸಾಲದೆ ಕೃತಿ ನೆಲಕಚ್ಚಿತು. ಕೆಲವೇ ವಾರಗಳಲ್ಲಿ ಇನ್ನೊಬ್ಬ ವಯೊಲಿನ್ ವಾದಕ ಯೋಸೆಫ್ ಬ್ಯೋಮ್ ಅದೇ ಕೃತಿಯನ್ನು ಕೈಗೆತ್ತಿಕೊಂಡು, ಬೀಟ್‌ಹೋವನ್‌ನ ಕಣ್ಣೆದುರೇ ತಾಲೀಮು ಮಾಡಿ, ನುಡಿಸಿ ಗೆದ್ದರು. ಕಿವಿ ಕೇಳದ ಬೀಟ್‌ಹೋವನ್ ಕಮಾನುಗಳ ಚಲನೆ ನೋಡಿಯೇ ತಿದ್ದುತ್ತಿದ್ದನಂತೆ. ಬ್ಯೋಮ್ ಕೈಗೆತ್ತಿಕೊಳ್ಳದಿದ್ದರೆ ಆ ಕೃತಿಗೆ ಮೊದಲ ದಿನದ ಸೋಲೇ ಗುರುತಾಗುತ್ತಿತ್ತು.

ಆದ್ದರಿಂದ ನಮ್ಮ ಮಟ್ಟಿಗೆ, ಎರಡನೆಯ ಮತ್ತು ಮೂರನೆಯ ಪ್ರಯೋಗದ ದಿನ ಗೊತ್ತಾಗದೆ ಕೃತಿ ಬರೆಸಲೇಬಾರದು. ದಾರಿ ಇದೆ. ಮೂರು ನಾಲ್ಕು ಸಭಾಂಗಣಗಳೋ ತಂಡಗಳೋ ಸೇರಿ ಗೌರವಧನ ಹಂಚಿಕೊಂಡರೆ ಅಷ್ಟು ಪ್ರಯೋಗಗಳು ತಾವಾಗಿ ಆಗುತ್ತವೆ. 1973ರಲ್ಲಿ ಹುಟ್ಟಿದ ಕ್ರೋನೋಸ್ ಕ್ವಾರ್ಟೆಟ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕಲಿಯುವ ತಂಡಗಳಿಗೆಂದೇ 50 ಕೃತಿಗಳನ್ನು ಬರೆಸಿ, ಸ್ಕೋರ್ ಮತ್ತು ಪಾರ್ಟ್‌ಗಳನ್ನು ಅಂತರ್ಜಾಲದಲ್ಲಿ ಉಚಿತವಾಗಿ ಇಟ್ಟಿತು. ಅಲ್ಲಿಗೆ ಬರೆಸುವ ಕೆಲಸ, ಕಲಿಸುವ ಕೆಲಸ ಎರಡೂ ಒಂದಾದವು.

ಪಾಠದ ದಿನಗಳನ್ನು ಕಛೇರಿಯಿಂದ ಕಿತ್ತುಕೊಂಡ ದಿನಗಳೆಂದು ಎಣಿಸಬೇಡಿ. ವಿದ್ಯಾರ್ಥಿ ತಂಡಗಳ ಮಾಮೂಲಿ ರೋಗ, ಮೂವರೂ ಮೊದಲ ವಯೊಲಿನ್ ಮುಖ ನೋಡುತ್ತ ಅರೆಕ್ಷಣ ಹಿಂದೆ ಬರುವುದು. ಮದ್ದು: ಬೆನ್ನಿಗೆ ಬೆನ್ನು ಹಾಕಿ ಕೂರಿಸಿ, ಎರಡನೆಯ ವಯೊಲಿನ್‌ನವರ ಉಸಿರಿನ ಸದ್ದಿಗೆ ಶುರು ಮಾಡಿಸುವುದು. ನಂತರ ಬರೀ ಎರಡನೆಯ ವಯೊಲಿನ್ ಮತ್ತು ವಿಯೋಲವನ್ನು ನುಡಿಸಿ, ಇನ್ನಿಬ್ಬರಿಂದ ತಮ್ಮ ಭಾಗ ಹಾಡಿಸುವುದು. ಇದನ್ನು ಬಾಯಿಬಿಟ್ಟು ವಿವರಿಸಬೇಕಾದ ಗುರುಗಳಿಗೆ ಮರುದಿನದ ಸ್ವಂತ ತಾಲೀಮಿನಲ್ಲಿ ಅದೇ ಮಾತು ಕೆಲಸಕ್ಕೆ ಬರುತ್ತದೆ. ವರ್ಷವಿಡೀ ಸಂಬಳ, ತಾಲೀಮಿಗೊಂದು ಕೋಣೆ ಸಿಗುವುದೂ ಪಾಠ ಹೇಳುವ ಜಾಗದಲ್ಲೇ.

ಇನ್ನು ಕಛೇರಿ ಹೆಚ್ಚಿಸುವ ಮಾತು. ಒಂದು ಹೊರಊರ ಕಛೇರಿಗೆ ಹೋಗುವ ದಿನ, ನುಡಿಸುವ ದಿನ, ಬರುವ ದಿನ. ಸಂಜೆಗೆ ಮುಂಚೆ ಸಭಾಂಗಣದಲ್ಲಿ ಒಂದು ಗಂಟೆ ಬೇಕು: ಕೈ ಇಲ್ಲದ ಕುರ್ಚಿ ಇದೆಯೇ, ಚೆಲ್ಲೊದ ಬುಡದಲ್ಲಿ ನೆಲಕ್ಕೂರುವ ಮೊಳೆ ಜಾರದೆ ನಿಲ್ಲುತ್ತದೆಯೇ, ಅಂಚಿನಲ್ಲಿ ಕೂತ ವಿಯೋಲದ ನಾದರಂಧ್ರಗಳು ಶ್ರೋತೃಗಳಿಗೆ ಬೆನ್ನಾಗಿ ದನಿ ಹಿಂದಕ್ಕೆ ಹೋಗುತ್ತಿದೆಯೇ. ವಾರಕ್ಕೆ ಇಂಥವು ಎರಡಾದರೆ ತಾಲೀಮಿಗೆ ಉಳಿಯುವುದು ಒಂದು ದಿನ. ವಿಮಾನದಲ್ಲಿ ಹೋಗುವುದಾದರೆ ಚೆಲ್ಲೊಗೂ ಒಂದು ಸೀಟು ಕೊಳ್ಳಬೇಕು. ಗಳಿಕೆ ಹಂಚಿಕೊಳ್ಳುವವರು ನಾಲ್ವರು, ಟಿಕೆಟ್ ಐದು.

— ಸಂ.